ಪೆರಿಜಿ ಈಗಲೇ ಎತ್ತೋದಾ, ಕಾಯೋದಾ? ಅನುಭವ ಇದ್ದವರು ಹೇಳಿ

ಸಣ್ಣಉಪಗ್ರಹ: ನಮ್ಮ 16 ಕೆಜಿ ಉಪಗ್ರಹ 300 × 550 ಕಿಮೀ ಧ್ರುವೀಯ ಕಕ್ಷೆಯಲ್ಲಿದೆ, ಅಂದರೆ ಪೆರಿಜಿ (ಭೂಮಿಗೆ ಅತಿ ಹತ್ತಿರದ ಬಿಂದು) 300, ಅಪೊಜಿ (ಅತಿ ದೂರದ ಬಿಂದು) 550. ಕೈಯಲ್ಲಿರುವ ಡೆಲ್ಟಾ-ವಿ (ಇರುವ ಇಂಧನದಲ್ಲಿ ಬದಲಿಸಬಹುದಾದ ವೇಗ) ಒಟ್ಟು 60 ಮೀ/ಸೆ. ಪೆರಿಜಿ 400ಕ್ಕೆ ತರಲು ಸುಮಾರು 28 ಬೇಕು. ಈಗಲೇ ಖರ್ಚು ಮಾಡೋದಾ, ಕ್ಯಾಮೆರಾ ಪರೀಕ್ಷೆ ಮುಗಿಯಲಿ ಅಂತ ಕಾಯೋದಾ?

ನೀಲಾಕಾಶ: ಕಾಯಬೇಡಿ ಸರ್. ನಾವು ಕಾದು ಕೆಟ್ಟೆವು. ನಮ್ಮದು 24 ಕೆಜಿ, ಕೋಲ್ಡ್ ಗ್ಯಾಸ್ (ಒತ್ತಿ ತುಂಬಿದ ಅನಿಲವನ್ನು ಸುಡದೆ ಚಿಮ್ಮಿಸೋದು), ಒಂದು ಮೀ/ಸೆಗೆ 40 ಗ್ರಾಂ, ಟ್ಯಾಂಕಿನಲ್ಲಿ ಇದ್ದದ್ದೇ 1,400 ಗ್ರಾಂ. ಮೊದಲು ಒಂದು ಫೋಟೊ ಬರಲಿ ಅಂತ ಎಲ್ಲರೂ ಹಟ ಹಿಡಿದರು. 19 ದಿನ ಹೋಯಿತು. 290ರ ಪೆರಿಜಿ ಹೆಚ್ಚು ಕಮ್ಮಿ ಅಲ್ಲೇ ಇತ್ತು, ಅದನ್ನೇ ನೋಡಿಕೊಂಡು ಸಮಾಧಾನವಾಗಿದ್ದೆವು. ಕರಗುತ್ತಿದ್ದದ್ದು ಅಪೊಜಿ: 540 ಇದ್ದದ್ದು 497 ಆಗಿತ್ತು! ಆಮೇಲೆ ಗಡಿಬಿಡಿಯಲ್ಲಿ 11 ಬರ್ನ್ (ಥ್ರಸ್ಟರ್ ಚಲಾಯಿಸೋದು) ಮಾಡಿದೆವು, 4 ಅರ್ಧಕ್ಕೇ ನಿಂತವು. ಪ್ರತಿ ಸಲ ಪೆರಿಜಿ ದಾಟುವಾಗ ಬಿಚ್ಚಿದ ಪ್ಯಾನಲ್‌ಗೆ ಗಾಳಿ ಹೊಡೆದು ವೀಲ್ (ಉಪಗ್ರಹದ ದಿಕ್ಕು ಹಿಡಿದಿಡುವ ಚಕ್ರ) ಗರಿಷ್ಠ ವೇಗಕ್ಕೆ ಏರುತ್ತಿತ್ತು. ಪೆರಿಜಿ ಎತ್ತುವ ಬರ್ನ್ ಮಾಡೋದು ಅಪೊಜಿಯಲ್ಲಿ, ಅಲ್ಲಿಗೆ ಬರುವ ಹೊತ್ತಿಗೂ ಉಪಗ್ರಹ ಇನ್ನೂ ಅಲ್ಲಾಡುತ್ತಿತ್ತು. ವೀಲ್ ನಿಧಾನ ಮಾಡಲು ಮತ್ತೆ ಗ್ಯಾಸ್. ಕೊನೆಗೆ ಪೆರಿಜಿ ಏರಿದ್ದು 40 ಕಿಮೀ ಮಾತ್ರ. ಎರಡು ವರ್ಷ ಬಾಳಬೇಕಿದ್ದದ್ದು ಏಳು ತಿಂಗಳಿಗೆ ಉರಿದು ಹೋಯಿತು.

ಗಂಟೆಗಣಿತ: ಎಲ್ಲರೂ ಎತ್ತಿ ಎತ್ತಿ ಅಂತಾರೆ. ನಮ್ಮದು ಜಿಟಿಒ (ಭೂಸ್ಥಿರ ಕಕ್ಷೆಗೆ ಹೋಗುವ ಉದ್ದನೆಯ ವರ್ಗಾವಣೆ ಕಕ್ಷೆ), 250 × 35,786. ಉಡಾವಣೆಯ ಗಂಟೆಯನ್ನು ಲೆಕ್ಕ ಹಾಕಿ ಆರಿಸಿಕೊಂಡಿದ್ದೆವು. ಸೂರ್ಯ ಚಂದ್ರರ ಸೆಳೆತಕ್ಕೆ ಎರಡು ತಿಂಗಳಲ್ಲಿ ಪೆರಿಜಿ ತಾನಾಗಿಯೇ 310ಕ್ಕೆ ಬಂತು. ಒಂದು ಗ್ರಾಂ ಇಂಧನ ಸುಡಲಿಲ್ಲ. ಅದೇ ಗಂಟೆ ತಪ್ಪಿದ್ದರೆ ಅದೇ ಸೆಳೆತ ಕೆಳಕ್ಕೆ ಎಳೆಯುತ್ತಿತ್ತು. ಯುರೋಪಿನ ಇಂಟೆಗ್ರಲ್ ದೂರದರ್ಶಕ ಉಪಗ್ರಹ ನೋಡಿ, 2015ರಲ್ಲಿ ಕಕ್ಷೆಯನ್ನು ಸ್ವಲ್ಪ ತಿದ್ದಿ 2029ರಲ್ಲಿ ಬೀಳುವ ಹಾಗೆ ಮಾಡಿಟ್ಟರು. ಮೊದಲು ಲೆಕ್ಕ ಮಾಡಿ, ಆಮೇಲೆ ಇಂಧನ ಸುಡಿ.

ನೀಲಾಕಾಶ: ಅವರು ಕೇಳಿದ್ದು 300 × 550. ಅಷ್ಟು ಕೆಳಗೆ ಚಂದ್ರ ಏನು ಎತ್ತುತ್ತಾನೆ? 2022ರ ಫೆಬ್ರವರಿ ಮರೆತಿರಾ? 49 ಸ್ಟಾರ್‌ಲಿಂಕ್‌ಗಳನ್ನು 210 ಕಿಮೀ ಹತ್ತಿರ ಬಿಟ್ಟರು, ಸೌರ ಬಿರುಗಾಳಿಗೆ ಗಾಳಿ ಉಬ್ಬಿತು, 38 ಹೋದವು. ಪ್ಯಾನಲ್ ಅಂಚನ್ನು ಗಾಳಿಗೆ ಕೊಟ್ಟು ಹಾರಿಸಿದರೂ ಉಳಿಯಲಿಲ್ಲ. ಹಾಗೆ ಕಳೆದುಕೊಂಡವರ ಮುಂದೆ ಒಂದು ಗ್ರಾಂ ಸುಡಲಿಲ್ಲ ಅಂತ ಹೇಳಬೇಡಿ.

ಗಂಟೆಗಣಿತ: ನನ್ನ ಮೇಲೆ ಯಾಕೆ ರೇಗುತ್ತೀರಿ? 19 ದಿನ ಕಾದದ್ದು ನಿಮ್ಮ ತಂಡ.

ಮಿಲಿನ್ಯೂಟನ್: ಇಬ್ಬರೂ ಪುಣ್ಯವಂತರು. ನಮ್ಮದು 48 ಕೆಜಿ, ಅಯಾನ್ ಥ್ರಸ್ಟರ್ (ವಿದ್ಯುತ್ತಿನಿಂದ ನಡೆಯುವ ಸಣ್ಣ ಎಂಜಿನ್), ತಳ್ಳುವ ಬಲ ಒಂದೇ ಮಿಲಿನ್ಯೂಟನ್. ಒಂದು ಅಪೊಜಿಯಲ್ಲಿ 20 ನಿಮಿಷ ಉರಿಸಿದರೆ ಸಿಗೋದು ಸೆಕೆಂಡಿಗೆ 2.5 ಸೆಂಟಿಮೀಟರ್. 28 ಮೀಟರ್ ಆಗಲು 1,100ಕ್ಕೂ ಜಾಸ್ತಿ ಬರ್ನ್. ಬ್ಯಾಟರಿ ಸಾಲದೆ ಒಂದು ಸುತ್ತು ಬಿಟ್ಟು ಒಂದು ಸುತ್ತು ಮಾಡಿದೆವು, ಐದು ತಿಂಗಳು ಹಿಡಿಯಿತು. ಧ್ರುವೀಯ ಕಕ್ಷೆಯಲ್ಲಿ ಪೆರಿಜಿ ದಿನಕ್ಕೆ ಸುಮಾರು 4 ಡಿಗ್ರಿ ತಿರುಗುತ್ತದೆ ಅಲ್ವಾ, ಅಪೊಜಿ ನೆರಳಿಗೆ ಬಂದ ವಾರಗಳಲ್ಲಿ ಬರ್ನನ್ನು ಇನ್ನೂ ಚಿಕ್ಕದು ಮಾಡಬೇಕಾಯಿತು. ಅಮೆರಿಕದ ಸೇನೆಯ ಸಂಪರ್ಕ ಉಪಗ್ರಹ ಎಇಎಚ್‌ಎಫ್-1 ಕಥೆ ಓದಿ. 2010ರಲ್ಲಿ ದೊಡ್ಡ ಎಂಜಿನ್ ಕೈಕೊಟ್ಟ ಮೇಲೆ ಸಣ್ಣ ಥ್ರಸ್ಟರ್‌ಗಳಲ್ಲೇ ಎತ್ತಿದರು, ಜಾಗಕ್ಕೆ ತಲುಪಲು 14 ತಿಂಗಳು ಬೇಕಾಯಿತು. ನಮ್ಮದೂ ಬೀಳದೆ ಕಕ್ಷೆಯಲ್ಲಿ ಉಳಿಯಿತು. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಬೀಳಲಿಬಿಡಿ: ಯಾರೂ ಬಾಹ್ಯಾಕಾಶದ ಕಸದ ಮಾತೇ ಎತ್ತುತ್ತಿಲ್ಲ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2022ರಲ್ಲೇ ಕೆಲಸ ಮುಗಿದ 5 ವರ್ಷದೊಳಗೆ ಇಳಿಸಿ ಅಂತ ನಿಯಮ ತಂತು. ನಾವು ಬೇಕೆಂದೇ ಪೆರಿಜಿ ಕೆಳಗೇ ಬಿಟ್ಟೆವು. ಒಂದು ವರ್ಷಕ್ಕೆ ಬಿತ್ತು, ಯಾರ ದಾರಿಗೂ ಅಡ್ಡ ಬರಲಿಲ್ಲ.

ಮಿಲಿನ್ಯೂಟನ್: ನಾವು ಕಸ ಹಾಕಿದೆವು ಅಂತಾನಾ? ಇಳಿಸಲು 30 ಮೀ/ಸೆ ಎತ್ತಿಟ್ಟಿದ್ದೇವೆ. ಇವತ್ತಿಗೂ ಮುಟ್ಟಿಲ್ಲ.

ಬೀಳಲಿಬಿಡಿ: ಅಷ್ಟರಲ್ಲಿ ಥ್ರಸ್ಟರ್ ಸತ್ತರೆ?

ಸಣ್ಣಉಪಗ್ರಹ: ನೀಲಾಕಾಶ ಸರ್, ಆ 4 ಬರ್ನ್ ನಿಂತದ್ದು ಬರೀ ವೀಲ್‌ನಿಂದಲೇನಾ? ನಮ್ಮ ಪ್ಯಾನಲ್ ಕೂಡ ನಿನ್ನೆ ಬಿಚ್ಚಿಕೊಂಡಿದೆ.