ಅಪ್‌ಡೇಟ್: ಟರ್ಕಿಯ ಇಜ್ಮಿರ್‌ನಲ್ಲಿ ಪಕ್ಕದ ಮನೆಗೆ ಊಟಕ್ಕೆ ಹೋಗಿ ಬಂದೆ

ಪಕ್ಕದ ಮನೆಯ ಅಜ್ಜಿ ಊಟಕ್ಕೆ ಕರೆದಿದ್ದಾರೆ, ಅವರಿಗೆ ಇಂಗ್ಲಿಷ್ ಬರಲ್ಲ, ನನಗೆ ಟರ್ಕಿಶ್ ಬರಲ್ಲ, ಹೋಗಲೋ ಬೇಡವೋ ಅಂತ ಕೇಳಿದ್ದೆ. "ಸುಮ್ನೆ ಹೋಗಿ, ಕೈಯಲ್ಲಿ ಸಿಹಿ ಇರಲಿ" ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಭಾನುವಾರ ಹೋಗಿದ್ದೆ.

ಬಾಗಿಲಲ್ಲೇ ಶೂ ಬಿಚ್ಚಿಸಿ, ಮನೆಯೊಳಗೆ ಹಾಕಿಕೊಳ್ಳೋ ಚಪ್ಪಲಿ ಕೊಟ್ಟರು. ಕೂತ ಕೂಡಲೇ ಅಂಗೈಗೆ ಕೊಲೋನ್ಯಾ ಅನ್ನೋ ನಿಂಬೆ ಪರಿಮಳದ ಸುಗಂಧದ್ರವ್ಯ ಸುರಿದರು, ನಮ್ಮ ಮದುವೆ ಮನೇಲಿ ಪನ್ನೀರು ಚಿಮುಕಿಸೋ ಹಾಗೆ. ಮಾಂಸ ತಿನ್ನಲ್ಲ ಅಂತ ಮೊದಲೇ ಫೋನಿನಲ್ಲಿ ಬರೆದು ತೋರಿಸಿದ್ದೆ. ಕೆಂಪು ಬೇಳೆಯ ಸೂಪ್ ಮಾಡಿದ್ದರು. ಜೊತೆಗೆ ಸರ್ಮಾ, ಅಂದರೆ ಅಕ್ಕಿ ತುಂಬಿ ಆಲಿವ್ ಎಣ್ಣೆಯಲ್ಲಿ ಬೇಯಿಸಿದ ದ್ರಾಕ್ಷಿ ಎಲೆಯ ಸುರುಳಿ.

ನಾನು ಅದನ್ನೇ ನೋಡ್ತಿದ್ದದ್ದು ಕಂಡು, ಅಡುಗೆಮನೆಗೆ ಕರೆದರು. ಎಲೆಯ ನರ ಇರುವ ಮಗ್ಗುಲು ಮೇಲೆ, ತೊಟ್ಟು ನಮ್ಮ ಕಡೆ. ಸ್ವಲ್ಪವೇ ಅಕ್ಕಿ. ಎರಡೂ ಬದಿ ಮಡಚಿ, ಬೆರಳಿನಷ್ಟು ಸಣ್ಣಗೆ ಸುತ್ತಬೇಕು. ದಪ್ಪ ಆದರೆ ಬಿಚ್ಚಿ, ನನ್ನ ಬೆರಳು ಹಿಡಿದು ಮತ್ತೆ ಸುತ್ತಿಸಿದರು. ಅಲ್ಲಿ ಭಾಷೆಯ ಚಿಂತೆಯೇ ಬರಲಿಲ್ಲ. ಅನುವಾದದ ಆ್ಯಪ್ ಅಲರ್ಜಿ, ಪಥ್ಯ ಹೇಳೋಕೆ ಸಾಕು, ಉಳಿದ ಹೊತ್ತು ಜೇಬಲ್ಲೇ ಇರಲಿ ಅನ್ನೋದು ನನ್ನ ಅಭಿಪ್ರಾಯ.

ಟೀ ವಿಷಯ ಮಾತ್ರ ತಿಳಿದಿರಲಿ. ಗ್ಲಾಸ್ ಖಾಲಿಯಾದ ಹಾಗೆ ತುಂಬುತ್ತಲೇ ಇರುತ್ತಾರೆ. ಸಾಕು ಅನ್ನೋಕೆ ಚಮಚವನ್ನು ಗ್ಲಾಸಿನ ಮೇಲೆ ಅಡ್ಡ ಇಡಬೇಕು. ಮೊಮ್ಮಗಳು ತೋರಿಸಿಕೊಟ್ಟಳು.

ಮುಂದಿನ ವಾರ ಅವರು ನಮ್ಮ ಮನೆಗೆ ಬರ್ತಾರೆ. ಖಾರ ಕಡಿಮೆ ಹಾಕಿ ಬಿಸಿಬೇಳೆಬಾತ್ ಮಾಡೋಣ ಅಂತಿದ್ದೀನಿ.