ಟೆಸ್ಟ್‌ನಲ್ಲಿ 0.00 ಸೆಕೆಂಡ್, ಕೆಲಸದಲ್ಲಿ ಹಳೇ ವೇಗ: ಯಾಕೆ?

ಪ್ರಶ್ನೆ: ಸರ್, ಹೊಸ ಲ್ಯಾಪ್‌ಟಾಪ್ ತಗೊಂಡೆ. ನೋಡೋಣ ಅಂತ ಸಿ ಭಾಷೆಯಲ್ಲಿ 1ರಿಂದ 100 ಕೋಟಿವರೆಗೆ ಕೂಡುವ ಲೂಪ್ (ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವ ಪ್ರೋಗ್ರಾಂ) ಬರೆದೆ. ಹಳೆಯದರಲ್ಲಿ ಎರಡು ಸೆಕೆಂಡ್ ಚಿಲ್ಲರೆ, ಹೊಸದರಲ್ಲಿ 0.00! ಆದರೆ ಅಂಗಡಿಯ 40 ಲಕ್ಷ ಸಾಲಿನ ಬಿಲ್ ಫೈಲ್ ತಾಳೆ ನೋಡುವ ಪ್ರೋಗ್ರಾಂ ಹೆಚ್ಚುಕಮ್ಮಿ ಮೊದಲಿನಷ್ಟೇ ಹೊತ್ತು ತಗೊಳ್ಳುತ್ತೆ. ಮೋಸ ಹೋದೆನಾ?

ಉತ್ತರ: ಮೋಸ ಮಾಡಿದ್ದು ಲ್ಯಾಪ್‌ಟಾಪ್ ಅಲ್ಲ, ನಿಮ್ಮ ಟೆಸ್ಟ್. ಕೊನೆಗೆ ಮೊತ್ತವನ್ನು ಪ್ರಿಂಟ್ ಮಾಡಿದ್ರಾ?

ಪ್ರಶ್ನೆ: ಇಲ್ಲ ಸರ್. ಹಾಂ, ಹಳೆಯದರಲ್ಲಿ ತಪ್ಪು ಹುಡುಕಲು ಬಳಸುವ ಡಿಬಗ್ ಮೋಡ್ ಇತ್ತು, ಹೊಸದರಲ್ಲಿ ವೇಗವಾಗಿ ಓಡಿಸುವ ರಿಲೀಸ್.

ಉತ್ತರ: ಸಿಕ್ಕಿತಲ್ಲ! ನೀವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ರಿಲೀಸ್ ಮೋಡ್‌ನಲ್ಲಿ ಚುರುಕು. ಈ ಮೊತ್ತ ಯಾರಿಗೂ ಬೇಡ ಅಂತ ಗೊತ್ತಾದರೆ ಲೂಪನ್ನೇ ಕಿತ್ತು ಬಿಸಾಕುತ್ತೆ. ನೀವು ಅಳೆದದ್ದು ಖಾಲಿ ಪ್ರೋಗ್ರಾಂ. ಪ್ರಿಂಟ್ ಮಾಡಿದ್ದರೂ, ಕ್ಲ್ಯಾಂಗ್‌ನಂಥ ಕಂಪೈಲರ್ ಹೈಸ್ಕೂಲಿನ ಸೂತ್ರ ಹಾಕಿ ಒಂದೇ ಏಟಿಗೆ ಉತ್ತರ ಕೊಡಬಹುದು.

ಇದು ಹಳೇ ಕಥೆ. 1984ರಲ್ಲಿ ಬಂದ ಡ್ರೈಸ್ಟೋನ್ ಎಂಬ ಪುಟ್ಟ ಟೆಸ್ಟ್ 30 ಅಕ್ಷರದ ಸಾಲುಗಳನ್ನು ನಕಲು ಮಾಡುತ್ತಿತ್ತು. ಆ ನಕಲನ್ನಷ್ಟೇ ಚುರುಕು ಮಾಡಿದ ಕಂಪೈಲರ್‌ಗಳ ಅಂಕ ಏರಿತು, ಜನರ ಕೆಲಸ ಇದ್ದಲ್ಲೇ ಇತ್ತು. ಕಂಪ್ಯೂಟರ್ ವೇಗ ಅಳೆಯುವ ಟೆಸ್ಟ್ ರೂಪಿಸುವ ಸ್ಪೆಕ್ ಸಂಸ್ಥೆಯ 1989ರ ಟೆಸ್ಟ್‌ಗಳಲ್ಲಿದ್ದ ಮ್ಯಾಟ್ರಿಕ್ಸ್300ಗೂ ಇದೇ ಗತಿ. 1992ರಲ್ಲಿ ಅದನ್ನು ಕೈಬಿಟ್ಟರು.

ಇನ್ನು ನಿಮ್ಮ ಬಿಲ್. ಪುಟ್ಟ ಟೆಸ್ಟ್‌ಗೆ ಬೇಕಾದ್ದೆಲ್ಲ ಪ್ರೊಸೆಸರ್ ಒಳಗಿನ ಎಲ್1 ಕ್ಯಾಶೆ ಎಂಬ ಪುಟ್ಟ, ವೇಗದ ಮೆಮೊರಿಯಲ್ಲೇ ಹಿಡಿಸುತ್ತೆ. ಎಷ್ಟೋ ಪ್ರೊಸೆಸರ್‌ಗಳಲ್ಲಿ ಅದು ಒಂದೊಂದು ಕೋರ್‌ಗೆ (ಲೆಕ್ಕ ಮಾಡುವ ಘಟಕಕ್ಕೆ) 32 ಅಥವಾ 48 ಕೆಬಿ. ಅಲ್ಲಿಂದ ಡೇಟಾ ನಾಲ್ಕೈದು ಸೈಕಲ್‌ಗೆ (ಪ್ರೊಸೆಸರ್ ಗಡಿಯಾರದ ಮಿಡಿತಕ್ಕೆ) ಬರುತ್ತೆ, ರ‍್ಯಾಮ್‌ನಿಂದಾದರೆ ನೂರಾರು ಸೈಕಲ್. ಒಗ್ಗರಣೆ ಡಬ್ಬಿ ಪಕ್ಕದಲ್ಲಿದ್ದರೆ ಅಡುಗೆ ಬೇಗ. ಚಿಟಿಕೆ ಸಾಸಿವೆಗೂ ಅಟ್ಟ ಹತ್ತಬೇಕಾದರೆ? 40 ಲಕ್ಷ ಸಾಲಿನಲ್ಲಿ ಒಂದೊಂದು ಬಿಲ್ ನಂಬರ್ ಹುಡುಕುವುದು ಅಂದರೆ ಅಟ್ಟ ಹತ್ತಿ ಇಳಿಯುವುದೇ. ಹೊಸ ಪ್ರೊಸೆಸರ್ ಕೂಡ ಸುಮ್ನೆ ಕಾಯ್ತಾ ಕೂರುತ್ತೆ.

ಇನ್ನೊಬ್ಬರು: ಹಾಗಾದರೆ ಅಂಗಡಿಯವರು ತೋರಿಸುವ ಸ್ಕೋರ್ ನೋಡಲೇಬಾರದಾ ಸರ್?

ಉತ್ತರ: ನೋಡಿ, ಆದರೆ ನಿಮ್ಮ ಕೆಲಸಕ್ಕೆ ಹತ್ತಿರದ್ದನ್ನು ನೋಡಿ. ವಿಡಿಯೋ ಎಡಿಟ್ ಮಾಡುವವರಿಗೆ ರೆಂಡರಿಂಗ್ ಟೆಸ್ಟ್ ಸರಿ, ಬಿಲ್ ತಾಳೆಗೆ ಅದರಿಂದ ಏನೂ ತಿಳಿಯಲ್ಲ. ಎಲ್ಲಕ್ಕಿಂತ ನಂಬಬಹುದಾದ್ದು ನಿಮ್ಮದೇ ಫೈಲ್, ನಿಮ್ಮದೇ ಪ್ರೋಗ್ರಾಂ, ಎರಡರಲ್ಲೂ ಒಂದೇ ಮೋಡ್. ಐದು ಸಲ ಬಿಡುವಿಲ್ಲದೆ ಓಡಿಸಿ. ತೆಳ್ಳಗಿನ ಲ್ಯಾಪ್‌ಟಾಪ್ ಮೊದಲ ಒಂದೆರಡು ನಿಮಿಷ ಜಿಗಿದು, ಬಿಸಿಯಾದ ಮೇಲೆ ತಾನೇ ವೇಗ ಇಳಿಸುತ್ತೆ. ಅರ್ಧ ನಿಮಿಷದ ಟೆಸ್ಟ್‌ನಲ್ಲಿ ಅದು ಕಾಣೋದೇ ಇಲ್ಲ.

ಪ್ರಶ್ನೆ: ಓಡಿಸಿದೆ ಸರ್, ಎರಡರಲ್ಲೂ ರಿಲೀಸ್ ಮೋಡ್. ಹಳೆಯದು ಐದೂ ಸಲ 8 ನಿಮಿಷ. ಹೊಸದು ಮೊದಲ ಸಲ 6, ಐದನೇ ಸಲ 9!

ಉತ್ತರ: ಚಾರ್ಜರ್ ಹಾಕಿತ್ತಾ? ಲ್ಯಾಪ್‌ಟಾಪ್ ಎಲ್ಲಿಟ್ಟಿದ್ರಿ?

ಪ್ರಶ್ನೆ: ಅಯ್ಯೋ, ಬ್ಯಾಟರಿಯಲ್ಲೇ ಓಡಿಸಿದೆ. ಅದೂ ಹಾಸಿಗೆ ಮೇಲಿಟ್ಟು. ಈಗಲೇ ಮೇಜಿನ ಮೇಲಿಟ್ಟು ಮತ್ತೆ ಅಳೀತೀನಿ.