ಹವ್ಯಾಸಿಗಳ ಅಂತರರಾಷ್ಟ್ರೀಯ ಧ್ವನಿ–ವಿಡಿಯೊ ಸ್ಪರ್ಧೆ: ಕಳುಹಿಸಿದವರು ಅನುಭವ ತಿಳಿಸಿ

ಹೊಸಕಿವಿ:
ಹವ್ಯಾಸಿಗಳ ಧ್ವನಿಮುದ್ರಣ ಮತ್ತು ವಿಡಿಯೊಗಳಿಗಾಗಿ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಯೊಂದಕ್ಕೆ ಮೊದಲ ಸಲ ಕಳುಹಿಸಬೇಕೆಂದಿದ್ದೇನೆ. ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರ ಕೆಲಸದ ಸದ್ದು, ಮಾತು ಸೇರಿದ ಆರು ನಿಮಿಷದ ಧ್ವನಿಚಿತ್ರ ಇದೆ. ಅದೇ ಕೆಲಸವನ್ನು ಮೊಬೈಲಿನಲ್ಲಿ ತೆಗೆದ ವಿಡಿಯೊ ಕೂಡ ಇದೆ. ಯಾವುದನ್ನು ಕಳುಹಿಸಲಿ? ಒಳ್ಳೆಯ ರೆಕಾರ್ಡರ್ ಕೊಂಡು ಮತ್ತೆ ಮುದ್ರಿಸಬೇಕೇ? ಗಡುವಿಗೆ ಮೂರು ವಾರ ಉಳಿದಿದೆ.

ತಂತಿಸುರುಳಿ:
ಈಗಿನವರಿಗೇನು, ಕಡತ ಏರಿಸಿದರೆ ಮುಗಿಯಿತು. ನಮ್ಮ ಕಾಲದಲ್ಲಿ ಕಾಲಿಂಚು ಅಗಲದ ಟೇಪು, ಸೆಕೆಂಡಿಗೆ 19 ಸೆಂಟಿಮೀಟರ್ ವೇಗ, ಡಬ್ಬಿ, ಅದರ ಮೇಲೊಂದು ಡಬ್ಬಿ, ಕಸ್ಟಮ್ಸ್ ಫಾರಂ, ರಿಜಿಸ್ಟರ್ಡ್ ಅಂಚೆ. ಅಂಚೆಯ ಖರ್ಚೇ ಖಾಲಿ ಟೇಪಿನ ಬೆಲೆಯನ್ನು ಮೀರುತ್ತಿತ್ತು. ಮೂಲ ಟೇಪನ್ನು ಕಳುಹಿಸಲು ಮನಸ್ಸು ಬಾರದೆ ಪ್ರತಿ ಮಾಡಿಕೊಳ್ಳಲು ಇನ್ನೊಂದು ಯಂತ್ರವನ್ನು ಬಾಡಿಗೆಗೆ ತಂದೆ. ಅದರ ಮುಂಗಡ ಹಣವನ್ನು ಯಂತ್ರದ ಯಜಮಾನ ಇಂದಿಗೂ ಹಿಂದಿರುಗಿಸಿಲ್ಲ.

ನನ್ನದು ಗಂಟೆಗೋಪುರದ ಮುದ್ರಣ. ಟೇಪಿನ ಕೊನೆ ಹೊರಗೆ ಬರುವಂತೆ ಸುತ್ತಿ, ‘ಕೇಳುವ ಹೊತ್ತಿಗಷ್ಟೇ ಹಿಂದಕ್ಕೆ ಸುತ್ತಬೇಕು’ ಎಂದು ಮೂರು ಭಾಷೆಗಳಲ್ಲಿ ಚೀಟಿ ಅಂಟಿಸಿದ್ದೆ. ಸ್ಪರ್ಧೆಯ ಆ ಪುಣ್ಯಾತ್ಮರು ಟೇಪು ತಲುಪಿದ ಕೂಡಲೇ ಹಿಂದಕ್ಕೆ ಸುತ್ತಿ, ತೀರ್ಪಿನ ದಿನದವರೆಗೆ ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟರು. ಹಾಗೆ ಇಟ್ಟರೆ ಒಂದು ಸುತ್ತಿನ ಕಾಂತೀಯ ಗುರುತು ಪಕ್ಕದ ಸುತ್ತಿಗೆ ಇಳಿಯುತ್ತದೆ. ಕೊನೆ ಹೊರಗಿದ್ದಿದ್ದರೆ ಆ ಮರುದನಿ ಗಂಟೆಯ ನಂತರ ಬಂದು ಅದರ ಅನುರಣನದಲ್ಲೇ ಮುಚ್ಚಿಹೋಗುತ್ತಿತ್ತು. ಈಗ ಗಂಟೆಗಿಂತ ಮೊದಲೇ ಗಂಟೆಯ ಪಿಸುಮಾತು! ‘ತಾಂತ್ರಿಕ ದೋಷ’ ಎಂದು ಬರೆದು ಅಂಕ ಕತ್ತರಿಸಿದರು. ಟೇಪು ಮರಳಿ ಬಂದಾಗ ಜೊತೆಗಿದ್ದ ಪತ್ರದಲ್ಲಿ, ‘ಬಂದ ದಿನವೇ ಪರಿಶೀಲಿಸಿ, ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದೆವು’ ಎಂದು ಹೆಮ್ಮೆ ಬೇರೆ.

ಮೌನಬಿಂದು:
ಟೇಪಿನ ಪುರಾಣ ಸಾಕು ಸ್ವಾಮಿ. ಕೊಳ್ಳಬೇಕೇ ಎಂದು ಕೇಳಿದ್ದಾರೆ, ನಾನು ಕೊಂಡವಳು. ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರ್‌ಗಳ ಒಳಮೈಕಿನ ಸ್ವಂತ ಗೊರಗೊರ ಸಾಮಾನ್ಯವಾಗಿ 20 ಡೆಸಿಬೆಲ್‌ಗಿಂತ ಮೇಲೆಯೇ ಇರುತ್ತದೆ. ಎಲೆಯ ಮೇಲೆ ಹುಳು ನಡೆಯುವ ಸದ್ದು ನನಗೆ ಬೇಕಿತ್ತು, ಆದ್ದರಿಂದ 10ಕ್ಕಿಂತ ಕೆಳಗಿನ ಮೈಕುಗಳನ್ನು ಜೋಡಿಯಾಗಿ ಕೊಂಡೆ. ಜೋಡಿಯ ಬೆಲೆ ರೆಕಾರ್ಡರ್‌ನ ಎರಡರಷ್ಟು. ಅಲ್ಲಿಗೆ ಮುಗಿಯಿತೇ? ಗಾಳಿ ತಡೆಯುವ ತುಪ್ಪಳದ ಕವಚ, ಅದರೊಳಗೆ ಮೈಕು ತೂಗುಹಾಕುವ ರಬ್ಬರ್ ಚೌಕಟ್ಟು, 48 ವೋಲ್ಟ್ ಬೇಡುವ ಮೈಕುಗಳು ಕುಡಿದು ಹಾಕುವ ಬ್ಯಾಟರಿಗಳು, ಸದ್ದು ಮಾಡದ ಸ್ಟ್ಯಾಂಡು. ಮಾರುವಾಗ ತೋರಿಸಿದ ಕೇಬಲ್ ಒಂದು, ಪೆಟ್ಟಿಗೆಯಲ್ಲಿ ಬಂದದ್ದು ಇನ್ನೊಂದು. ಅದು ನಡುಗಿದರೂ ಸದ್ದು, ಮುಟ್ಟಿದರೂ ಸದ್ದು. ಬದಲಿಸಿ ಕೊಡಲು ಅಂಗಡಿಯವನು ಒಪ್ಪಲಿಲ್ಲ, ಮತ್ತೊಂದು ಕೊಂಡೆ. ರೆಕಾರ್ಡರ್ 32 ಬಿಟ್ ಫ್ಲೋಟ್‌ನದು: ತೀರ ಸಣ್ಣ ಸದ್ದನ್ನೂ ತೀರ ದೊಡ್ಡದನ್ನೂ ಕಡತ ಹಿಡಿದಿಡುತ್ತದೆ, ಮುದ್ರಣದ ಮಟ್ಟ ಹೊಂದಿಸುವ ತಲೆನೋವೇ ಇಲ್ಲ. ಮೆಚ್ಚುಗೆ ಪತ್ರ ಬಂತು. ಒಂದು ಬಿಡಿಕಾಸಿಗೂ ನನಗೆ ಪಶ್ಚಾತ್ತಾಪವಿಲ್ಲ.

ಅಲೆಗಾರ:
ಇಷ್ಟೆಲ್ಲ ಸುರಿದು ಮೆಚ್ಚುಗೆ ಪತ್ರವೇ? ಸ್ನೇಹಿತನಿಂದ ಕೇಳಿ ತಂದ ಹಳೆಯ 16 ಬಿಟ್ ಯಂತ್ರದಲ್ಲಿ ಮುದ್ರಿಸಿದ ನನ್ನ ರೈಲು ಹಳಿಯ ತುಣುಕಿಗೆ ಎರಡನೆಯ ಸ್ಥಾನ ಬಂದಿದೆ. ಮತ್ತೆ, ‘ತಲೆನೋವೇ ಇಲ್ಲ’ ಎಂದು ಹೊಸಬರ ದಾರಿ ತಪ್ಪಿಸಬೇಡಿ ಮೇಡಂ. 32 ಬಿಟ್ ಉಳಿಸುವುದು ಕಡತವನ್ನು, ಮೈಕನ್ನಲ್ಲ. ಪಟಾಕಿಯ ಪಕ್ಕದಲ್ಲಿ ಮೈಕು ತಾನೇ ಒಡೆದ ಸದ್ದು ಕೊಟ್ಟರೆ ಆಮೇಲೆ ಯಾವ ತಂತ್ರಾಂಶವೂ ಅದನ್ನು ಸರಿಮಾಡದು.

ಮೌನಬಿಂದು:
ಹುಳು ನಡೆಯುವಾಗ ಪಟಾಕಿ ಹೊಡೆಯುವುದಿಲ್ಲ. ಓದಿ ಉತ್ತರಿಸಿ. ಎರವಲು ಯಂತ್ರದವರಿಗೆ ಕೊಳ್ಳುವವರ ಸಂಕಟ ಹೇಗೆ ತಿಳಿಯಬೇಕು?

ಚಿತ್ರಸಾಲು:
ವಿಡಿಯೊ ಕಳುಹಿಸಿ ಸುಟ್ಟುಕೊಂಡವನು ನಾನು. ನಿಯಮಾವಳಿ ಸೆಕೆಂಡಿಗೆ 25 ಚೌಕಟ್ಟು (ಫ್ರೇಮು) ಕೇಳಿತ್ತು. ಮೊಬೈಲು ತನ್ನಿಷ್ಟದಂತೆ ಒಮ್ಮೆ 29, ಒಮ್ಮೆ 30 ಎಂದು ಬದಲಾಯಿಸುತ್ತದೆ, ಯಾವ ಕೈಪಿಡಿಯಲ್ಲೂ ಅದನ್ನು ಬರೆದಿಲ್ಲ. ಬೇರೆ ರೆಕಾರ್ಡರ್‌ನ ಧ್ವನಿ ಜೋಡಿಸಿದರೆ ಆರಂಭದಲ್ಲಿ ತುಟಿಗೆ ಕೂಡುತ್ತದೆ, ಮಧ್ಯಕ್ಕೆ ಬರುವಷ್ಟರಲ್ಲಿ ಮಾತು ಬಾಯಿಗಿಂತ ಹಿಂದೆ. ತುಂಡು ತುಂಡಾಗಿ ಕತ್ತರಿಸಿ ಕೂಡಿಸಿ ಕಣ್ಣು ಕೆಂಪಾಯಿತು.

ಆಮೇಲೆ ಹಕ್ಕುಗಳ ರಗಳೆ. ಚಮ್ಮಾರರೊಬ್ಬರ ಅಂಗಡಿಯಲ್ಲಿ ತೆಗೆದ ಚಿತ್ರ, ಹಿಂದೆ ರೇಡಿಯೊ ಹಾಡುತ್ತಿತ್ತು. ಆ ಇಪ್ಪತ್ತು ಸೆಕೆಂಡಿಗೆ ರಾಗ ಸಂಯೋಜಿಸಿದವರ ಅನುಮತಿ ಬೇರೆ, ಧ್ವನಿಮುದ್ರಣದ ಒಡೆಯರ ಅನುಮತಿ ಬೇರೆ. ಒಬ್ಬರು ಉತ್ತರಿಸಲಿಲ್ಲ, ಇನ್ನೊಬ್ಬರು ಹೇಳಿದ ಶುಲ್ಕ ನನ್ನ ಕ್ಯಾಮೆರಾದ ಬೆಲೆಗಿಂತ ಹೆಚ್ಚು. ಹಾಡು ಇರುವ ಭಾಗ ಕಿತ್ತೆ, ಅದರೊಂದಿಗೆ ಚಮ್ಮಾರರ ಅತ್ಯುತ್ತಮ ಮಾತೂ ಹೋಯಿತು. ಪ್ರವೇಶ ಶುಲ್ಕ ಅಲ್ಪವೇ, ಆದರೆ ವಿದೇಶಕ್ಕೆ ಕಳುಹಿಸಲು ಬ್ಯಾಂಕು ಹಿಡಿದುಕೊಂಡದ್ದು ಶುಲ್ಕಕ್ಕಿಂತ ಹೆಚ್ಚು. ನಡುವಿನ ಬ್ಯಾಂಕು ಇನ್ನಷ್ಟು ಕಡಿದು, ‘ಹಣ ಕಡಿಮೆ ಬಂದಿದೆ’ ಎಂದು ಸಂಘಟಕರ ಪತ್ರ. ಉಳಿದ ಚಿಲ್ಲರೆಯನ್ನು ಕಳುಹಿಸಲು ಮತ್ತೆ ಅದೇ ದಂಡ! ಮದುವೆ ಚಿತ್ರೀಕರಣದಲ್ಲಿ ಬಂದ ಹಣವೆಲ್ಲ ಅದಕ್ಕೇ ಹೋಯಿತು.

ಅಲೆಗಾರ:
ನಿಲ್ಲಿ, ನಿಲ್ಲಿ. ಮದುವೆ ಚಿತ್ರೀಕರಣಕ್ಕೆ ಹಣ ಪಡೆಯುತ್ತೀರಾ? ಮತ್ತೆ ಹವ್ಯಾಸಿ ಹೇಗಾದಿರಿ? ನಮ್ಮಂಥವರ ಸ್ಥಾನ ಕಸಿಯುವವರು ನೀವೇ.

ಚಿತ್ರಸಾಲು:
ಯಾವ ಸ್ಥಾನ ಕಸಿದೆ? ನನಗೆ ಪ್ರಮಾಣಪತ್ರವೂ ಬಂದಿಲ್ಲ! ಚಮ್ಮಾರರ ಚಿತ್ರಕ್ಕೆ ಯಾರಿಂದಲೂ ಒಂದು ಕಾಸು ಪಡೆದಿಲ್ಲ. ನೋಡಬೇಕಾದದ್ದು ಆ ಕೃತಿಯನ್ನು, ನನ್ನ ಹೊಟ್ಟೆಪಾಡನ್ನಲ್ಲ.

ತಂತಿಸುರುಳಿ:
ಇದು ಇಂದಿನ ಜಗಳವಲ್ಲ. ಹವ್ಯಾಸಿ ಚಲನಚಿತ್ರಗಳ ಅಂತರರಾಷ್ಟ್ರೀಯ ಸ್ಪರ್ಧೆ 1931ರಲ್ಲೇ ಬ್ರಸೆಲ್ಸ್‌ನಲ್ಲಿ ನಡೆದಿತ್ತು; ಅದರ ಬೆನ್ನಲ್ಲೇ ಬೆಳೆದ, ಹವ್ಯಾಸಿ ಚಲನಚಿತ್ರ ಸಂಘಟನೆಗಳ ‘ಯುನಿಕಾ’ ಒಕ್ಕೂಟ 1937ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಅಲ್ಲಿ ಆಯಾ ದೇಶದ ಸಂಘಟನೆ ತನ್ನ ಚಿತ್ರಗಳನ್ನು ಆರಿಸಿ ಒಂದು ಕಾರ್ಯಕ್ರಮವಾಗಿ ತರುತ್ತದೆ. ಯಾರು ಹವ್ಯಾಸಿ ಎಂಬ ಜಗಳ ನಿಮ್ಮ ದೇಶದಲ್ಲೇ ಮುಗಿಸಿಕೊಳ್ಳಬಹುದು.

ಮೌನಬಿಂದು:
ಮುಗಿಸಿಕೊಳ್ಳುವುದಲ್ಲ, ಅಲ್ಲೇ ಹೂತುಹಾಕುವುದು. ಆರಿಸುವವರ ಗೆಳೆಯರದ್ದೇ ಮುಂದೆ ಹೋಗುತ್ತದೆ.

ಹೊಸಕಿವಿ:
ಎಲ್ಲರಿಗೂ ಧನ್ಯವಾದ. ಆದರೆ ನನ್ನದರಲ್ಲಿ ಧ್ವನಿಯೋ ವಿಡಿಯೊವೋ?

ಅಲೆಗಾರ:
ಧ್ವನಿ. ಗಡಿಯಾರದ ಕೆಲಸ ಕಿವಿಗೇ ಹೆಚ್ಚು. ಅವರ ಮಾತು ಮುಗಿದ ಮೇಲೆ ಬರೀ ಕೋಣೆಯ ಸದ್ದು ಒಂದು ನಿಮಿಷ ಮುದ್ರಿಸಿದ್ದೀರಾ? ಇಲ್ಲದಿದ್ದರೆ ಹೊಸ ಯಂತ್ರ ಬೇಡ, ಅದೇ ರೆಕಾರ್ಡರ್ ಹಿಡಿದು ಹೋಗಿ ಅದನ್ನು ತನ್ನಿ. ಅದಿಲ್ಲದೆ ಕತ್ತರಿಸಿದ ಜಾಗಗಳೆಲ್ಲ ಗುಂಡಿಗಳಂತೆ ಕೇಳಿಸುತ್ತವೆ. ಗೊರಗೊರ ಅಳಿಸುವ ತಂತ್ರಾಂಶ ಮಾತ್ರ ಬೇಡ. ಮುಳ್ಳಿನ ಟಿಕ್ ಟಿಕ್ ಸದ್ದು ನೀರಿನಲ್ಲಿ ಮುಳುಗಿದಂತಾಗುತ್ತದೆ.

ಮೌನಬಿಂದು:
ಬಳಸಲು ತಿಳಿಯದವರ ಕೈಯಲ್ಲಿ ಆಗುತ್ತದೆ. ಆರು ಡೆಸಿಬೆಲ್‌ನಷ್ಟು ಮಾತ್ರ ತಗ್ಗಿಸಿದರೆ ನಾಯಿಗೂ ಗೊತ್ತಾಗದು.

ಅಲೆಗಾರ:
ಹಾಗಾದರೆ ನಿಮ್ಮ ಹುಳುವಿನ ಮೂಲ ಕಡತ ಹಾಕಿ, ತಗ್ಗಿಸಿದ್ದನ್ನೂ ಹಾಕಿ. ಎಲ್ಲರೂ ಕೇಳಲಿ.

ಮೌನಬಿಂದು:
ಹಾಕುತ್ತೇನೆ. 96 ಕಿಲೊಹರ್ಟ್ಸ್‌ನಲ್ಲಿದೆ, ಅಂದರೆ ಸೆಕೆಂಡಿಗೆ 96 ಸಾವಿರ ಮಾದರಿ. ನಿಮ್ಮ ಎರವಲು ಯಂತ್ರ ಅದನ್ನು ತೆರೆಯುವುದೋ ಇಲ್ಲವೋ ನೋಡಿಕೊಳ್ಳಿ.

ಚಿತ್ರಸಾಲು:
ಕೇಳುವ ಮೊದಲು ನನ್ನ ಮೇಲಿನ ಆರೋಪವನ್ನು ಹಿಂದಕ್ಕೆ ಪಡೆಯಿರಿ ಅಲೆಗಾರರೇ. ಕಾಯುತ್ತಿದ್ದೇನೆ.